ಪ್ಯಾಟ್ ಯೋಜನೆ ನಿಜಕ್ಕೂ ಇಂಧನ ಉಳಿಸಿತೇ? ಪಿಎಚ್.ಡಿ. ವಿದ್ಯಾರ್ಥಿ ಅಳೆಯಬೇಕಾದದ್ದು ಏನನ್ನು?

ಪ್ರಶ್ನೆ: ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಸೇರಿದ್ದೇನೆ, ಊರು ದಾವಣಗೆರೆ. ಹವಾಮಾನ ನೀತಿಗಳ ಪರಿಣಾಮವನ್ನು ಅಳೆಯುವುದು ನನ್ನ ವಿಷಯ. ದೊಡ್ಡ ಕಾರ್ಖಾನೆಗಳಿಗೆ ಇಂಧನ ಉಳಿತಾಯದ ಗುರಿ ಕೊಡುವ ಪ್ಯಾಟ್ (ಪರ್ಫಾರ್ಮ್, ಅಚೀವ್ ಆಂಡ್ ಟ್ರೇಡ್) ಯೋಜನೆಯನ್ನು ಆರಿಸಿಕೊಂಡಿದ್ದೇನೆ. ಅದರ ಮೊದಲ ಸುತ್ತಿನಲ್ಲಿ 86.7 ಲಕ್ಷ ಟನ್ ತೈಲಕ್ಕೆ ಸಮನಾದ ಇಂಧನ ಉಳಿಯಿತು ಎಂದು ಸರ್ಕಾರವೇ ಪ್ರಕಟಿಸಿದೆ. ಅಳತೆ ಆಗಿಯೇ ಹೋಗಿದ್ದರೆ ನಾನು ಮಾಡಬೇಕಾದದ್ದು ಏನು ಉಳಿದಿದೆ? ಯಾವ ದತ್ತಾಂಶ, ಯಾವ ವಿಧಾನ? ಮೂರು ವರ್ಷದಲ್ಲಿ ಮುಗಿಯುತ್ತದೆಯೇ?

ಉತ್ತರ: ಸರ್ಕಾರ ಅಳೆದಿರುವುದು ನಿಜ, ಆದರೆ ಅದು ಅಳೆದದ್ದು ಬೇರೊಂದನ್ನು. 478 ಕಾರ್ಖಾನೆಗಳು 2014-15ರಲ್ಲಿ ಒಂದು ಟನ್ ಸರಕಿಗೆ ಎಷ್ಟು ಇಂಧನ ಬಳಸಿದವು, ಅವೇ ಕಾರ್ಖಾನೆಗಳು 2007-08ರಿಂದ 2009-10ರವರೆಗಿನ ಮೂರು ವರ್ಷಗಳ ಸರಾಸರಿಯಲ್ಲಿ ಎಷ್ಟು ಬಳಸುತ್ತಿದ್ದವು ಎಂದು ನೋಡಿ, ಆ ಅಂತರವನ್ನು ಉತ್ಪಾದನೆಯಿಂದ ಗುಣಿಸಿದ್ದಾರೆ. ಗುರಿ 66.86 ಲಕ್ಷ ಟನ್ ಇತ್ತು, ಫಲಿತಾಂಶ ಅದನ್ನು ದಾಟಿತು. ಯಾರು ಗುರಿ ಮುಟ್ಟಿದರು, ಯಾರು ಮುಟ್ಟಲಿಲ್ಲ ಎಂದು ತೀರ್ಮಾನಿಸಿ, ಗುರಿ ಮೀರಿದವರಿಗೆ ಮಾರಬಹುದಾದ ಸರ್ಟಿಫಿಕೇಟ್ ಹಂಚುವುದಕ್ಕೆ ಈ ಲೆಕ್ಕ ಸಾಕು. ಪ್ಯಾಟ್ ಬಾರದೇ ಇದ್ದಿದ್ದರೆ ಇದರಲ್ಲಿ ಎಷ್ಟು ತಾನಾಗಿಯೇ ಉಳಿಯುತ್ತಿತ್ತು ಎಂದು ಆ ಲೆಕ್ಕ ಕೇಳುವುದೇ ಇಲ್ಲ. ನಿಮ್ಮ ಪ್ರಬಂಧ ಕೇಳಬೇಕಾದದ್ದು ಅದನ್ನೇ.

ಈ ಯೋಜನೆಯಲ್ಲಿ ಎರಡು ಲೆಕ್ಕಗಳ ನಡುವಿನ ಅಂತರ ದೊಡ್ಡದಿರಲು ಕಾರಣಗಳಿವೆ. ಆಧಾರ ವರ್ಷಗಳ ನಡುವೆಯೇ 2008-09ರ ಜಾಗತಿಕ ಹಿಂಜರಿತ ಬಂದು ಹೋಯಿತು. ಬೇಡಿಕೆ ಕುಸಿದು ಕಾರ್ಖಾನೆ ಅರ್ಧ ಸಾಮರ್ಥ್ಯದಲ್ಲಿ ನಡೆದರೂ ಬಾಯ್ಲರ್ ಬಿಸಿಯಾಗಿಯೇ ಇರಬೇಕು, ಕಂಪ್ರೆಸರ್ ಓಡುತ್ತಲೇ ಇರಬೇಕು. ಆಗ ಟನ್ನಿಗೆ ತಗಲುವ ಇಂಧನ ಹೆಚ್ಚುತ್ತದೆ. ಬೇಡಿಕೆ ಮರಳಿದಾಗ ಯಾರೂ ಏನೂ ಮಾಡದಿದ್ದರೂ ಆ ಅಂಕಿ ಇಳಿಯುತ್ತದೆ. ಯೋಜನೆ ನಡೆಸುವ ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ ಇದಕ್ಕೆ ನಾರ್ಮಲೈಸೇಶನ್ ಸೂತ್ರಗಳನ್ನು (ಇಂಥ ಹೊರಗಿನ ಏರುಪೇರನ್ನು ಲೆಕ್ಕದಿಂದ ಕಳೆಯುವಂಥವು) ಕೊಟ್ಟಿದೆ, ಅವು ಸಾಕಷ್ಟು ಕಟ್ಟುನಿಟ್ಟಾಗಿಯೂ ಇವೆ. ಆದರೆ ಪ್ರತಿ ಕಾರ್ಖಾನೆ ತನ್ನ ಹಿಂದಿನ ಸ್ಥಿತಿಯ ಜೊತೆಗೇ ಹೋಲಿಸಿಕೊಳ್ಳುತ್ತದೆ ಎಂಬ ಮೂಲ ಸ್ವರೂಪವನ್ನು ಅವು ಬದಲಿಸುವುದಿಲ್ಲ. ಇನ್ನೊಂದು ಕಾರಣವಿದೆ. ಒಂದೇ ಗುಂಪಿನಲ್ಲಿ ಹೆಚ್ಚು ಇಂಧನ ಬಳಸುವ ಕಾರ್ಖಾನೆಗೆ ಕಠಿಣ ಗುರಿ, ಕಡಿಮೆ ಬಳಸುವುದಕ್ಕೆ ಸಡಿಲ ಗುರಿ. ಯಾವುದೋ ಕೆಟ್ಟ ವರ್ಷದಿಂದಾಗಿ ಪಟ್ಟಿಯ ಕೊನೆಗೆ ಬಿದ್ದ ಕಾರ್ಖಾನೆ ಮುಂದಿನ ವರ್ಷಗಳಲ್ಲಿ ಹೇಗೂ ಸರಾಸರಿಯ ಕಡೆಗೆ ಮರಳುತ್ತದೆ. ‘ಹಿಂದುಳಿದ ಕಾರ್ಖಾನೆಗಳೇ ಹೆಚ್ಚು ಸುಧಾರಿಸಿದವು’ ಎಂಬ ವಾಕ್ಯವನ್ನು ಎಲ್ಲಿ ಓದಿದರೂ ಈ ಅನುಮಾನ ನಿಮ್ಮ ಜೊತೆಗಿರಲಿ. ಕಾಗೆ ಕೂತಿತು, ಕೊಂಬೆ ಮುರಿಯಿತು. ಕೊಂಬೆ ಮೊದಲೇ ಒಣಗಿತ್ತೇ ಎಂದು ನೋಡುವ ಕೆಲಸ ಸಂಶೋಧಕರದು.

ಸರ್ಟಿಫಿಕೇಟ್ ಮಾರುಕಟ್ಟೆಯ ಅಂಕಿಗಳನ್ನು ಹಲವರು ಪುರಾವೆಯಾಗಿ ಮುಂದಿಡುತ್ತಾರೆ. ಮೊದಲ ಸುತ್ತಿನ ಕೊನೆಗೆ ಗುರಿ ಮೀರಿದವರಿಗೆ ಸುಮಾರು 38.25 ಲಕ್ಷ ಎಸ್‌ಸರ್ಟ್ ಎಂಬ ಸರ್ಟಿಫಿಕೇಟುಗಳು ಸಿಕ್ಕವು (ಒಂದಕ್ಕೆ ಒಂದು ಟನ್ ತೈಲ ಸಮಾನ). ಗುರಿ ತಪ್ಪಿದವರು ಕೊಳ್ಳಬೇಕಿದ್ದದ್ದು ಸುಮಾರು 14.25 ಲಕ್ಷ ಮಾತ್ರ. 2017ರಲ್ಲಿ ವಹಿವಾಟು ಶುರುವಾದಾಗ 1,200 ರೂಪಾಯಿಯ ಆಸುಪಾಸಿನಲ್ಲಿದ್ದ ಬೆಲೆ ಬೇಗನೆ ಕೆಲವು ನೂರಕ್ಕೆ ಇಳಿಯಿತು. ಇದನ್ನು ನೋಡಿ ‘ಗುರಿ ಸುಲಭವಾಗಿತ್ತು, ಯೋಜನೆ ವಿಫಲ’ ಎಂದು ಬರೆಯಬೇಡಿ. ಗುರಿ ಸಡಿಲವಾಗಿದ್ದರೂ ಬೆಲೆ ಬೀಳುತ್ತದೆ, ಕಾರ್ಖಾನೆಗಳು ನಿಜವಾಗಿಯೂ ನಿರೀಕ್ಷೆ ಮೀರಿ ಉಳಿಸಿದ್ದರೂ ಬೀಳುತ್ತದೆ. ಬೆಲೆಯೊಂದರಿಂದಲೇ ಇವೆರಡನ್ನು ಬೇರ್ಪಡಿಸಲಾಗದು. ಹೊರಸೂಸುವಿಕೆಯ ಪರವಾನಗಿಗಳನ್ನು ಕೊಂಡು ಮಾರುವ ಯುರೋಪಿನ ಎಮಿಷನ್ಸ್ ಟ್ರೇಡಿಂಗ್ ವ್ಯವಸ್ಥೆಯ ಬಗ್ಗೆಯೂ ಬೆಲೆ ಪಾತಾಳಕ್ಕಿಳಿದ ವರ್ಷಗಳಲ್ಲಿ ಅದು ಕೆಲಸ ಮಾಡಲಿಲ್ಲ ಎಂಬ ಮಾತೇ ಹಬ್ಬಿತ್ತು. 2008ರಿಂದ 2016ರವರೆಗಿನ ಅವಧಿಯನ್ನು ಹೋಲಿಕೆಯಿಟ್ಟು ಲೆಕ್ಕ ಹಾಕಿದ, 2020ರಲ್ಲಿ ಬಂದ ಅಧ್ಯಯನವೊಂದು ನೂರು ಕೋಟಿ ಟನ್‌ಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ತಗ್ಗಿದೆ ಎಂದು ತೋರಿಸಿತು.

ಹಾಗಾದರೆ ಯಾರ ಜೊತೆ ಹೋಲಿಸಬೇಕು? ಇಡೀ ಪ್ರಬಂಧ ನಿಲ್ಲುವುದೂ ಬೀಳುವುದೂ ಇಲ್ಲಿ. ವಿಧಾನದ ಹೆಸರು ಆಮೇಲೆ.

ಮೊದಲ ಸುತ್ತಿನಲ್ಲಿ ಎಂಟು ಕ್ಷೇತ್ರಗಳಿದ್ದವು: ಉಷ್ಣ ವಿದ್ಯುತ್ 144, ಜವಳಿ 90, ಸಿಮೆಂಟ್ 85, ಕಬ್ಬಿಣ-ಉಕ್ಕು 67, ಕಾಗದ 31, ರಸಗೊಬ್ಬರ 29, ಕ್ಲೋರ್-ಆಲ್ಕಲಿ 22, ಅಲ್ಯೂಮಿನಿಯಂ 10. ಒಳಗೆ ಬರಬೇಕಾದರೆ ವರ್ಷದ ಇಂಧನ ಬಳಕೆ ಒಂದು ಮಿತಿ ದಾಟಿರಬೇಕು. ವಿದ್ಯುತ್, ಸಿಮೆಂಟ್, ಉಕ್ಕು, ಗೊಬ್ಬರ, ಕಾಗದಕ್ಕೆ ಆ ಮಿತಿ 30,000 ಟನ್ ತೈಲ ಸಮಾನ, ಕ್ಲೋರ್-ಆಲ್ಕಲಿಗೆ 12,000, ಅಲ್ಯೂಮಿನಿಯಂಗೆ 7,500, ಜವಳಿಗೆ 3,000. ಮಿತಿ ಕಂಡ ಕೂಡಲೇ ‘ಮೇಲಿನವರನ್ನೂ ಕೆಳಗಿನವರನ್ನೂ ಹೋಲಿಸಿದರಾಯಿತು’ ಎನ್ನಿಸುತ್ತದೆ. ಎಂಟೂ ಕ್ಷೇತ್ರಗಳನ್ನು ಒಂದೇ ಸಂಖ್ಯಾಶಾಸ್ತ್ರೀಯ ಸಮೀಕರಣಕ್ಕೆ, ಅಂದರೆ ಒಂದೇ ರಿಗ್ರೆಶನ್‌ಗೆ ತುರುಕಿ ಕೆಟ್ಟ ಪ್ರಬಂಧಗಳು ಹುಟ್ಟುವುದೂ ಹೀಗೆಯೇ. ಸಿಮೆಂಟನ್ನು ನೋಡಿ. ಸೇಡಂ, ಮಳಖೇಡ, ವಾಡಿಯಲ್ಲಿರುವಂಥ, ಸುಣ್ಣದಕಲ್ಲು ಸುಡುವ ಕುಲುಮೆಯುಳ್ಳ ದೊಡ್ಡ ಕಾರ್ಖಾನೆಗಳು ಬಹುತೇಕ ಮಿತಿಯ ಮೇಲೆಯೇ ಇರುತ್ತವೆ. ಕೆಳಗೆ ಉಳಿಯುವುದು ಹೆಚ್ಚಾಗಿ ಕ್ಲಿಂಕರ್, ಅಂದರೆ ಕುಲುಮೆಯಲ್ಲಿ ಸುಟ್ಟ ಗಟ್ಟಿಯನ್ನು ಹೊರಗಿನಿಂದ ತರಿಸಿ ಅರೆಯುವ ಘಟಕಗಳು. ಅವುಗಳಲ್ಲಿ ಕುಲುಮೆಯೇ ಇಲ್ಲ, ಇರುವುದು ಅರೆಯುವ ವಿದ್ಯುತ್ತಿನ ಖರ್ಚು ಮಾತ್ರ. ಎರಡೂ ‘ಸಿಮೆಂಟ್’ ಎಂಬ ಒಂದೇ ಹೆಸರಿನಡಿ ಬರುತ್ತವೆ, ಆದರೆ ಒಂದು ಇನ್ನೊಂದರ ನೆರಳಾಗಲಾರದು. ಅಲ್ಯೂಮಿನಿಯಂನಲ್ಲಿ ಇರುವ ಸ್ಮೆಲ್ಟರುಗಳೆಲ್ಲ ಒಳಗೇ. ವಿದ್ಯುತ್ತಿನಲ್ಲಿ ಗಣನೀಯವಾದ ಕಲ್ಲಿದ್ದಲು ಸ್ಥಾವರಗಳೆಲ್ಲ ಒಳಗೇ.

ಉಳಿಯುವುದು ಜವಳಿ. ಮಿತಿ ಕೆಳಗಿದೆ, ಒಳಗಿರುವವರು 90, ಮಿತಿಯ ಸ್ವಲ್ಪ ಕೆಳಗೆ ಅದೇ ಯಂತ್ರ, ಅದೇ ನೂಲು ತೆಗೆಯುವ ಮಿಲ್ಲುಗಳು ಬೇಕಾದಷ್ಟಿವೆ. ಹಾಗಾಗಿ ನನ್ನ ಸಲಹೆ, ಮೊದಲ ಅಧ್ಯಾಯಕ್ಕೆ ಜವಳಿಯೊಂದನ್ನೇ ಹಿಡಿಯಿರಿ. ಇದಕ್ಕೆ ತೆರಬೇಕಾದ ಬೆಲೆಯನ್ನೂ ಹೇಳಿಬಿಡುತ್ತೇನೆ. 66.86 ಲಕ್ಷ ಟನ್ ಗುರಿಯಲ್ಲಿ ಜವಳಿಯ ಪಾಲು ಬರೀ 66 ಸಾವಿರ ಟನ್, ಅಂದರೆ ಸುಮಾರು ಶೇ 1. ವಿದ್ಯುತ್ ಸ್ಥಾವರಗಳದು 32.11 ಲಕ್ಷ, ಹೆಚ್ಚುಕಡಿಮೆ ಅರ್ಧ. ಚೆನ್ನಾಗಿ ಅಳೆಯಬಹುದಾದದ್ದು ಚಿಕ್ಕದು, ದೊಡ್ಡದನ್ನು ಚೆನ್ನಾಗಿ ಅಳೆಯಲಾಗದು. ಈ ಮಾತನ್ನು ಪ್ರಬಂಧದ ಮೊದಲ ಪುಟಗಳಲ್ಲೇ ಬರೆಯಿರಿ. ಜವಳಿಯಲ್ಲಿ ಕಂಡದ್ದನ್ನು ಇಡೀ ಪ್ಯಾಟ್‌ಗೆ ಅನ್ವಯಿಸುವ ಆಸೆ ಕೊನೆಯ ಅಧ್ಯಾಯದಲ್ಲಿ ಬಂದೇ ಬರುತ್ತದೆ, ಆಗ ಆ ಪುಟ ನಿಮ್ಮನ್ನು ತಡೆಯುತ್ತದೆ.

ಜವಳಿಯೊಳಗೂ ಎಲ್ಲವೂ ಒಂದಲ್ಲ. ನೂಲುವ ಮಿಲ್ಲಿಗೆ ಖರ್ಚು ಪೂರ್ತಿ ವಿದ್ಯುತ್ತಿನದು. ಬಣ್ಣ ಹಾಕುವ, ಸಂಸ್ಕರಿಸುವ ಘಟಕಕ್ಕೆ ಉಗಿ ಬೇಕು, ಅಂದರೆ ಕಲ್ಲಿದ್ದಲು ಇಲ್ಲವೇ ಸೌದೆ. ಉದ್ಯಮ ವರ್ಗೀಕರಣದ ಎನ್‌ಐಸಿ ಕೋಡ್‌ನ ಐದೂ ಅಂಕಿಗಳ ಮಟ್ಟಕ್ಕೆ ಇಳಿದು ನೂಲುವವರನ್ನು ನೂಲುವವರ ಜೊತೆ, ಸಂಸ್ಕರಿಸುವವರನ್ನು ಸಂಸ್ಕರಿಸುವವರ ಜೊತೆ ಇಡಿ. ನೂಲಿನಲ್ಲೂ ಕೌಂಟು ಮುಖ್ಯ. 40ರ ಕೌಂಟಿನ ತೆಳು ನೂಲಿಗೆ ಕಿಲೋಗೆ ತಗಲುವ ವಿದ್ಯುತ್ತು 20ರ ಕೌಂಟಿನ ದಪ್ಪ ನೂಲಿಗಿಂತ ಬಹಳ ಹೆಚ್ಚು. ಮಿಲ್ಲು ದಪ್ಪ ನೂಲಿನ ಕಡೆ ಹೊರಳಿದರೆ ಕಿಲೋವಾರು ಲೆಕ್ಕದಲ್ಲಿ ‘ದಕ್ಷತೆ’ ಏರಿದಂತೆ ಕಾಣುತ್ತದೆ. ರೂಪಾಯಿಯಲ್ಲಿ ಅಳೆದರೆ ಪಾರಾಗಬಹುದೆಂದುಕೊಂಡರೆ ಅಲ್ಲೊಂದು ಹಳ್ಳವಿದೆ. 2010-11ರಲ್ಲಿ ಹತ್ತಿಯ ಬೆಲೆ ಜಗತ್ತಿನಾದ್ಯಂತ ಗಗನಕ್ಕೇರಿತು, ನೂಲಿನ ಬೆಲೆ ಜೊತೆಗೇ ಏರಿತು, ರೂಪಾಯಿ ಉತ್ಪಾದನೆಗೆ ತಗಲುವ ಇಂಧನ ಕಾಗದದ ಮೇಲೆ ಧಡಕ್ಕನೆ ಇಳಿಯಿತು. ಯೋಜನೆ ಶುರುವಾಗುವ ಹೊಸ್ತಿಲಲ್ಲೇ ಇದಾದದ್ದು. ಸಗಟು ಬೆಲೆ ಸೂಚ್ಯಂಕದಲ್ಲಿ ಹತ್ತಿನೂಲಿನದೇ ಸರಣಿ ತೆಗೆದುಕೊಂಡು ಡಿಫ್ಲೇಟ್ ಮಾಡಿ, ಅಂದರೆ ಬೆಲೆಯೇರಿಕೆಯನ್ನು ಕಳೆಯಿರಿ. ‘ಜವಳಿ’ ಎಂಬ ಒಟ್ಟು ಸೂಚ್ಯಂಕ ಸಾಲದು.

ಈಗ ದತ್ತಾಂಶ. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯ (ಎಎಸ್‌ಐ) ಕಾರ್ಖಾನೆವಾರು ಕಡತಗಳು ಕೇಂದ್ರ ಸಾಂಖ್ಯಿಕ ಸಚಿವಾಲಯದಿಂದ ಉಚಿತವಾಗಿ ಸಿಗುತ್ತವೆ. 1998-99ರಿಂದ ಒಂದೇ ಕಾರ್ಖಾನೆಯನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸುವ ಸಂಕೇತ ಇದೆ. ಏಪ್ರಿಲ್-ಮಾರ್ಚ್ ವರ್ಷ ಪ್ಯಾಟ್‌ನ ವರ್ಷಕ್ಕೇ ಹೊಂದುತ್ತದೆ. ಜವಳಿಯ ಮಿತಿಯಾದ 3,000 ಟನ್ ಎಂದರೆ ವರ್ಷಕ್ಕೆ ಸುಮಾರು 3.5 ಕೋಟಿ ಯೂನಿಟ್ ವಿದ್ಯುತ್ತು. ಅಷ್ಟು ದೊಡ್ಡ ಮಿಲ್ಲಿನಲ್ಲಿ ನೂರಾರು ಜನ ಇರುತ್ತಾರೆ. ನೂರಕ್ಕೂ ಹೆಚ್ಚು ಜನರಿರುವ ಕಾರ್ಖಾನೆಗಳನ್ನು ಎಎಸ್‌ಐ ಸಾಮಾನ್ಯವಾಗಿ ಪ್ರತಿ ವರ್ಷ ಎಣಿಸುವುದರಿಂದ ನಿಮ್ಮ ಸಾಲು ಕಡಿಯುವುದು ಕಡಿಮೆ.

ತೊಂದರೆ ಎಲ್ಲಿ ಎಂದರೆ, ಕಡತದಲ್ಲಿ ಕಾರ್ಖಾನೆಯ ಹೆಸರಿಲ್ಲ. 2012ರ ಮಾರ್ಚ್ 30ರ ಅಧಿಸೂಚನೆಯಲ್ಲಿ 478 ಹೆಸರುಗಳಿವೆ, ಎಎಸ್‌ಐನಲ್ಲಿ ಬರೀ ಸಂಖ್ಯೆಗಳಿವೆ. ಎರಡನ್ನೂ ಕೂಡಿಸುವ ದಾರಿ ಇಲ್ಲ. ಯಾರು ಪ್ಯಾಟ್ ಒಳಗಿದ್ದರು ಎಂಬುದನ್ನು ಇಂಧನ ಬಳಕೆಯಿಂದ ನೀವೇ ಊಹಿಸಬೇಕು. ಊಹೆ ತಪ್ಪಿದ ಪ್ರತಿ ಮಿಲ್ಲೂ ಪರಿಣಾಮವನ್ನು ಸೊನ್ನೆಯ ಕಡೆ ಎಳೆಯುತ್ತದೆ, ಯೋಜನೆ ಕೆಲಸ ಮಾಡಿದ್ದರೂ ಮಾಡಲಿಲ್ಲವೆಂದು ಕಾಣುತ್ತದೆ. ಆದ್ದರಿಂದ ಮಿತಿಯ ಎರಡೂ ಬದಿಯಲ್ಲಿ, ಹೇಳಿ 2,600ರಿಂದ 3,400 ಟನ್‌ವರೆಗಿನ ಮಿಲ್ಲುಗಳನ್ನು ಕೈಬಿಡಿ. 1,500ರಿಂದ 2,600ರವರೆಗಿನವು ಹೋಲಿಕೆ ಗುಂಪು, 3,400ರಿಂದ 6,000ದವರೆಗಿನವು ಯೋಜನೆಯ ಗುಂಪು. ಇದರಿಂದ ರಿಗ್ರೆಶನ್ ಡಿಸ್‌ಕಂಟಿನ್ಯುಟಿ ಎಂಬ ಚೆಂದದ ವಿಧಾನವನ್ನು ಬಿಟ್ಟುಕೊಡಬೇಕಾಗುತ್ತದೆ, ಏಕೆಂದರೆ ಅದು ಮಿತಿಯ ಪಕ್ಕದವರನ್ನೇ ನಂಬಿ ನಿಲ್ಲುವ ವಿಧಾನ. ಬಿಟ್ಟುಕೊಡಿ. ಯಾರು ಒಳಗೆ, ಯಾರು ಹೊರಗೆ ಎಂಬುದೇ ಮಸುಕಾಗಿರುವ ಕಡೆ ಆ ವಿಧಾನಕ್ಕೆ ಬಲವಿಲ್ಲ.

ಒಂದು ತಾಳೆ ನೋಡುವ ಕ್ರಮ: 3,000 ದಾಟಿದ ಜವಳಿ ಕಾರ್ಖಾನೆಗಳನ್ನು ನಿಮ್ಮ ಕಡತದಲ್ಲಿ ಎಣಿಸಿ. 90ರ ಹತ್ತಿರ ಬಂದರೆ ಸರಿ. 200 ದಾಟಿದರೆ ಪರಿವರ್ತನೆಯಲ್ಲಿ ತಪ್ಪಿರಬಹುದು. ಸಾಮಾನ್ಯವಾದ ತಪ್ಪು, ಮಿಲ್ಲು ತಾನೇ ಉತ್ಪಾದಿಸಿದ ವಿದ್ಯುತ್ತನ್ನೂ ಅದಕ್ಕಾಗಿ ಸುಟ್ಟ ಕಲ್ಲಿದ್ದಲನ್ನೂ ಎರಡೂ ಸೇರಿಸಿ ಎಣಿಸುವುದು.

ಪರಿವರ್ತನೆಯ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. ಒಂದು ಸಂಯುಕ್ತ ಮಿಲ್ಲು ವರ್ಷಕ್ಕೆ 12,000 ಟನ್ ಕಲ್ಲಿದ್ದಲು, 3 ಕೋಟಿ ಯೂನಿಟ್ ಗ್ರಿಡ್ ವಿದ್ಯುತ್ತು ಬಳಸುತ್ತದೆ ಎನ್ನೋಣ. ಕಲ್ಲಿದ್ದಲಿನ ಶಾಖ ಕಿಲೋಗೆ 4,000 ಕಿಲೋಕ್ಯಾಲರಿ. ಒಂದು ಟನ್ ತೈಲ ಸಮಾನ ಎಂದರೆ ಒಂದು ಕೋಟಿ ಕಿಲೋಕ್ಯಾಲರಿ. ಕಲ್ಲಿದ್ದಲು 4,800 ಟನ್ ಆಯಿತು. ಪ್ಯಾಟ್ ನಿಯಮದಂತೆ ಕೊಂಡ ವಿದ್ಯುತ್ತಿಗೆ ಯೂನಿಟ್‌ಗೆ 860 ಕಿಲೋಕ್ಯಾಲರಿ, ಅಂದರೆ 2,580 ಟನ್. ಒಟ್ಟು 7,380, ಅದರಲ್ಲಿ ವಿದ್ಯುತ್ತಿನ ಪಾಲು ಶೇ 35. ಇದೇ ಮಿಲ್ಲಿನ ಕಾರ್ಬನ್ ಲೆಕ್ಕ ಹಾಕಿ. ಗ್ರಿಡ್ಡಿನ ಒಂದು ಮೆಗಾವಾಟ್-ಗಂಟೆಗೆ ಸುಮಾರು 0.7 ಟನ್ ಹಿಡಿದರೆ ವಿದ್ಯುತ್ತಿನಿಂದ 21,000 ಟನ್, ಕಲ್ಲಿದ್ದಲಿನಿಂದ ಸುಮಾರು 18,000 ಟನ್. ವಿದ್ಯುತ್ತಿನ ಪಾಲು ಅರ್ಧ ದಾಟಿತು. ಯಾವ ಅಳತೆಗೋಲು ಹಿಡಿಯುತ್ತೀರಿ ಎಂಬುದರ ಮೇಲೆ ಯೋಜನೆ ಏನನ್ನು ಉಳಿಸಿತು ಎಂಬುದೇ ಬದಲಾಗುತ್ತದೆ. ಕಲ್ಲಿದ್ದಲಿನ ಲೆಕ್ಕದಲ್ಲಿ ಇನ್ನೊಂದು ಎಚ್ಚರ ಬೇಕು: ನಮ್ಮಲ್ಲಿ ಬಿಲ್ಲಿನಲ್ಲಿ ಬರೆಯುವುದು ಗ್ರಾಸ್ ಶಾಖಮೌಲ್ಯ (ನೀರಾವಿಯಲ್ಲಿ ಹೋಗುವ ಶಾಖವೂ ಸೇರಿದ್ದು), ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐಪಿಸಿಸಿಯ ಹೊರಸೂಸುವಿಕೆ ಗುಣಾಂಕಗಳು ನೆಟ್ ಶಾಖಮೌಲ್ಯಕ್ಕೆ (ಅದನ್ನು ಕಳೆದದ್ದು) ಕಟ್ಟಿದವು. ನೇರವಾಗಿ ಗುಣಿಸಿದರೆ ಶೇ 5ರಷ್ಟು ಹೆಚ್ಚು ಬರುತ್ತದೆ.

ಆ 860ರ ಹಿಂದೆಯೂ ಒಂದು ಬಲೆ ಇದೆ. ಅದು ವಿದ್ಯುತ್ತಿನೊಳಗಿನ ಶಾಖ ಮಾತ್ರ. ಸ್ಥಾವರದಲ್ಲಿ ಅದೇ ಯೂನಿಟ್ ತಯಾರಿಸಲು ಸುಮಾರು ಎರಡೂವರೆ ಸಾವಿರ ಕಿಲೋಕ್ಯಾಲರಿ ಸುಡಬೇಕು. ಮಿಲ್ಲೊಂದು ತನ್ನ ಆವರಣದ ಜನರೇಟರ್ ನಿಲ್ಲಿಸಿ ಗ್ರಿಡ್‌ನಿಂದ ಕೊಂಡರೆ ಏನೂ ಉಳಿಸದೆ ಅದರ ಅಂಕಿ ಇಳಿದುಬಿಡುತ್ತದೆ. ಅಧಿಕೃತ ಲೆಕ್ಕದಲ್ಲಿ ಇದನ್ನು ಸರಿಪಡಿಸುವ ಸೂತ್ರವಿದೆ, ಎಎಸ್‌ಐ ಬಳಸುವವರು ತಾವೇ ಸರಿಪಡಿಸಿಕೊಳ್ಳಬೇಕು. ಕೊಂಡದ್ದು, ಸ್ವಂತದ್ದು ಎಂಬ ಎರಡು ಕಾಲಂಗಳನ್ನು ಬೇರೆಬೇರೆ ಫಲಿತಾಂಶವಾಗಿಯೂ ಓಡಿಸಿ ನೋಡಿ. ಡೀಸೆಲ್‌ನ ಪ್ರಮಾಣ ಎಎಸ್‌ಐನಲ್ಲಿ ಸಿಗುವುದಿಲ್ಲ, ಪೆಟ್ರೋಲು-ಎಣ್ಣೆಗಳ ಜೊತೆ ಸೇರಿಸಿ ರೂಪಾಯಿ ಮಾತ್ರ ಬರೆದಿರುತ್ತಾರೆ. ಬೆಲೆಯಿಂದ ಭಾಗಿಸಬೇಕು, ಆದರೆ 2013ರ ಜನವರಿಯಿಂದ ಸಗಟಾಗಿ ಕೊಳ್ಳುವವರಿಗೆ ಬಂಕ್‌ಗಿಂತ ಬೇರೆ ಬೆಲೆ ಇತ್ತು ಎಂಬುದು ನೆನಪಿರಲಿ. ಕಚ್ಚಾವಸ್ತುಗಳ ಕೋಡ್‌ಗಳೂ 2010-11ರಿಂದ ಹೊಸ ಪದ್ಧತಿಗೆ ಬದಲಾದವು. ಕಲ್ಲಿದ್ದಲಿನ ಸರಣಿ ಅಲ್ಲಿ ಮುರಿದಿಲ್ಲವೇ ಎಂದು ಒಂದೊಂದೇ ವರ್ಷ ಚಿತ್ರ ಬಿಡಿಸಿ ಪರೀಕ್ಷಿಸಿ.

ಹೆಸರಿರುವ ದತ್ತಾಂಶ ಬೇಕೆಂದರೆ ಕಂಪನಿಗಳ ವಾರ್ಷಿಕ ವರದಿಗಳಿವೆ. 1988ರ ನಿಯಮದಂತೆ ನಿರ್ದೇಶಕರ ವರದಿಯ ಜೊತೆ ಇಂಧನ ಬಳಕೆಯನ್ನು ಪ್ರಮಾಣ ಸಹಿತ ನಿಗದಿತ ನಮೂನೆಯಲ್ಲಿ ಕೊಡಬೇಕಿತ್ತು. 2013ರ ಕಂಪನಿ ಕಾಯ್ದೆಯ ನಂತರದ ನಿಯಮಗಳಲ್ಲಿ ಆ ನಮೂನೆ ಹೋಯಿತು. ಪ್ಯಾಟ್‌ನ ಮೊದಲ ಸುತ್ತು ಇನ್ನೂ ನಡೆಯುತ್ತಿರುವಾಗಲೇ ದೀಪ ಆರಿದಂತಾಯಿತು. ಇವು ಕಂಪನಿವಾರು ಅಂಕಿಗಳು ಬೇರೆ, ಪ್ಯಾಟ್ ಕಾರ್ಖಾನೆವಾರು. ಒಂದೇ ಮಿಲ್ಲುಳ್ಳ ಕಂಪನಿಗಳಿಗೆ ಮಾತ್ರ ಸೀಮಿತಗೊಳಿಸಿ ಎಎಸ್‌ಐ ಫಲಿತಾಂಶದ ಜೊತೆ ತಾಳೆ ನೋಡಲು ಬಳಸಿ, ಅದಕ್ಕಿಂತ ಹೆಚ್ಚು ಭಾರ ಹೇರಬೇಡಿ.

ಯೋಜನೆ ‘ಶುರುವಾದದ್ದು’ ಯಾವಾಗ? ಹೆಚ್ಚಿನವರು 2012 ಎಂದು ಬರೆದು ಮುಂದೆ ಹೋಗುತ್ತಾರೆ. ಈ ಕ್ಷೇತ್ರಗಳನ್ನೂ ಮಿತಿಗಳನ್ನೂ ಅಧಿಸೂಚಿಸಿದ್ದು 2007ರ ಮಾರ್ಚ್‌ನಲ್ಲಿ. 2008ರ ಜೂನ್‌ನ ರಾಷ್ಟ್ರೀಯ ಹವಾಮಾನ ಕ್ರಿಯಾ ಯೋಜನೆಯಲ್ಲಿ ಇಂಧನ ದಕ್ಷತೆಯ ಮಿಷನ್ ಬಂತು. ಗುರಿ ಬಂದದ್ದು 2012ರಲ್ಲಿ. ಗುರಿ ಬರುತ್ತದೆಂದು ತಿಳಿದ ಕಾರ್ಖಾನೆ ಮೊದಲೇ ಸುಧಾರಿಸಬಹುದು, ಇಲ್ಲವೇ ಆಧಾರ ವರ್ಷದ ಅಂಕಿ ಎತ್ತರವಾಗಿಯೇ ಇರಲೆಂದು ಸುಧಾರಣೆಯನ್ನು ಮುಂದೂಡಬಹುದು. ಎರಡೂ ನಿಮ್ಮ ಹೋಲಿಕೆಯನ್ನು ಕೆಡಿಸುತ್ತವೆ, ಅದೂ ವಿರುದ್ಧ ದಿಕ್ಕುಗಳಲ್ಲಿ. ಆದ್ದರಿಂದ ವರ್ಷವಾರು ಪರಿಣಾಮದ ಚಿತ್ರದಲ್ಲಿ ಸೊನ್ನೆ ಎಂದು ಹಿಡಿಯುವ ವರ್ಷ 2006-07 ಆಗಿರಲಿ, 2011-12 ಬೇಡ. ಒಳಗೆ-ಹೊರಗೆ ಎಂಬ ವಿಂಗಡಣೆಯನ್ನೂ ಎರಡು ಬಾರಿ ಮಾಡಿ, 2007-10ರ ಬಳಕೆಯ ಮೇಲೆ ಒಮ್ಮೆ, 2004-07ರ ಬಳಕೆಯ ಮೇಲೆ ಇನ್ನೊಮ್ಮೆ. ಎರಡನೆಯದರಲ್ಲಿ ತಪ್ಪು ಸೇರ್ಪಡೆ ಹೆಚ್ಚು, ಆದರೆ ಯೋಜನೆಯ ನೆರಳು ಅದರ ಮೇಲೆ ಬಿದ್ದಿಲ್ಲ.

ವಿಧಾನ ಇಷ್ಟರ ಮೇಲೆ ಸರಳ. ಡಿಫರೆನ್ಸ್-ಇನ್-ಡಿಫರೆನ್ಸಸ್, ಅಂದರೆ ಎರಡು ಇಳಿಕೆಗಳ ನಡುವಿನ ಅಂತರ. ಒಳಗಿನ ಮಿಲ್ಲುಗಳ ಇಂಧನ ಬಳಕೆ 100ರಿಂದ 92ಕ್ಕೆ, ಹೊರಗಿನವರದು 100ರಿಂದ 95ಕ್ಕೆ ಇಳಿದಿದ್ದರೆ ಯೋಜನೆಯ ಪಾಲು 3, ಅಧಿಕೃತ ಲೆಕ್ಕದ ರೀತಿಯಲ್ಲಿ 8 ಎನ್ನಿಸುತ್ತಿತ್ತು. ಇದು ನಂಬಲರ್ಹವಾಗಬೇಕಾದರೆ ಯೋಜನೆಗೆ ಮುಂಚಿನ ಎಂಟು ವರ್ಷ ಎರಡೂ ಗುಂಪು ಹೆಗಲಿಗೆ ಹೆಗಲು ಕೊಟ್ಟು ನಡೆದಿರಬೇಕು. ಕಾರ್ಖಾನೆಯ ಫಿಕ್ಸೆಡ್ ಎಫೆಕ್ಟ್ (ಅದರ ಬದಲಾಗದ ಗುಣಗಳನ್ನು ಕಳೆಯುವ ಪದ) ಜೊತೆಗೆ ರಾಜ್ಯ-ವರ್ಷದ ಫಿಕ್ಸೆಡ್ ಎಫೆಕ್ಟ್ (ಆ ವರ್ಷ ಆ ರಾಜ್ಯದ ಎಲ್ಲರಿಗೂ ತಗಲಿದ್ದನ್ನು ಕಳೆಯುವ ಪದ) ತಪ್ಪದೆ ಇರಲಿ. ನೂಲಿನ ಮಿಲ್ಲುಗಳು ದಟ್ಟವಾಗಿರುವುದು ತಮಿಳುನಾಡಿನಲ್ಲಿ. 2012ರ ಹೊತ್ತಿಗೆ ಅಲ್ಲಿ ತೀವ್ರ ವಿದ್ಯುತ್ ಕಡಿತವಿತ್ತು, ಮಿಲ್ಲುಗಳು ಡೀಸೆಲ್ ಜನರೇಟರ್ ಹಿಡಿದವು. ರಾಜ್ಯ-ವರ್ಷದ ಪದವಿಲ್ಲದಿದ್ದರೆ ಆ ಕಡಿತವೇ ಪ್ಯಾಟ್‌ನ ವೇಷದಲ್ಲಿ ಬಂದು ಕೂರುತ್ತದೆ. ಕಲ್ಲಿದ್ದಲು ಸೆಸ್ 2010ರಲ್ಲಿ ಟನ್ನಿಗೆ 50 ರೂಪಾಯಿ ಇದ್ದದ್ದು 2016ರ ಹೊತ್ತಿಗೆ 400 ಆಯಿತು. ಇದು ಎರಡೂ ಗುಂಪಿಗೆ ತಗಲುತ್ತದೆ, ಆದರೆ ಹೆಚ್ಚು ಕಲ್ಲಿದ್ದಲು ಸುಡುವವರಿಗೆ ಹೆಚ್ಚು ತಗಲುತ್ತದೆ. ಎಲ್ಲಕ್ಕಿಂತ ನನ್ನನ್ನು ಚಿಂತೆಗೀಡುಮಾಡುವುದು ಜವಳಿ ಯಂತ್ರಗಳನ್ನು ಹೊಸದು ಮಾಡಲು 1999ರಿಂದ ಇದ್ದ ಟಫ್ಸ್ ಎಂಬ ಕೇಂದ್ರ ಯೋಜನೆಯ ಬಡ್ಡಿ ಸಹಾಯ. 2011ರಲ್ಲಿ ಅದರ ರೂಪ ಬದಲಾಯಿತು. ದೊಡ್ಡ ಮಿಲ್ಲುಗಳಿಗೆ ಅದನ್ನು ಪಡೆಯುವುದು ಸುಲಭ. ಹೊಸ ರಿಂಗ್ ಫ್ರೇಮ್ (ನೂಲುವ ಯಂತ್ರ) ಬಂದರೆ ವಿದ್ಯುತ್ತು ಉಳಿಯುತ್ತದೆ, ಕೀರ್ತಿ ಪ್ಯಾಟ್‌ಗೆ ಹೋಗುತ್ತದೆ. ಎಎಸ್‌ಐನ ಸ್ಥಿರಾಸ್ತಿ ವಿಭಾಗದಲ್ಲಿ ಯಂತ್ರಗಳ ಹೊಸ ಖರೀದಿ ಇದೆ, ಅದನ್ನು ಪ್ರತ್ಯೇಕ ಫಲಿತಾಂಶವಾಗಿ ನೋಡಿ. ಪ್ಯಾಟ್‌ನ ಹೊರಗಿದ್ದ ಗಾಜು, ಟೈಲ್ಸ್, ಟೈರ್ ಕಾರ್ಖಾನೆಗಳಿಗೂ 3,000 ಟನ್‌ನ ಸುಳ್ಳು ಮಿತಿ ಹಾಕಿ ಅದೇ ಸಮೀಕರಣ ಓಡಿಸಿ. ಅಲ್ಲಿಯೂ ‘ಪರಿಣಾಮ’ ಕಂಡರೆ ನೀವು ಅಳೆಯುತ್ತಿರುವುದು ದೊಡ್ಡ ಕಾರ್ಖಾನೆಗಳ ಸಹಜ ಓಟವನ್ನು.

ಮಾದರಿಯನ್ನು 2015-16ಕ್ಕೆ ನಿಲ್ಲಿಸಿ. 2016-17ರಿಂದ ಎರಡನೇ ಸುತ್ತಿನಲ್ಲಿ 621 ಘಟಕಗಳಾದವು, ಆಮೇಲೆ ವರ್ಷವರ್ಷವೂ ಹೊಸಬರು ಸೇರುತ್ತ ಹೋದರು. ನಿಮ್ಮ ಹೋಲಿಕೆ ಗುಂಪಿನವರೇ ಒಳಗೆ ಬಂದರೆ ಸಾಮಾನ್ಯ ರಿಗ್ರೆಶನ್ ಈಗಾಗಲೇ ಒಳಗಿದ್ದವರನ್ನು ಹೊಸಬರಿಗೆ ಹೋಲಿಕೆಯಾಗಿ ಬಳಸಿ, ಪರಿಣಾಮದ ಚಿಹ್ನೆಯನ್ನೇ ತಿರುಗಿಸಬಲ್ಲದು. ಮುಂದಿನ ವರ್ಷಗಳೂ ಬೇಕೇ ಬೇಕೆಂದರೆ ಬೇರೆಬೇರೆ ವರ್ಷ ಸೇರಿದವರನ್ನು ಬೇರ್ಪಡಿಸಿ ಹೋಲಿಸುವ ಕ್ಯಾಲವೇ-ಸಂತ್‌ಅನ್ನಾ ಅಂದಾಜು ಬಳಸಿ, ಆರ್ ತಂತ್ರಾಂಶದಲ್ಲಿ ಸಿದ್ಧ ಪ್ಯಾಕೇಜ್ ಇದೆ.

ಇಷ್ಟೆಲ್ಲ ಶುರುಮಾಡುವ ಮೊದಲು ಒಂದು ಸಂಜೆ ಕೂತು ಮಾಡಬೇಕಾದ ಲೆಕ್ಕವೊಂದಿದೆ. ಮಿಲ್ಲಿನಿಂದ ಮಿಲ್ಲಿಗೆ ಬದಲಾವಣೆಯ ಸ್ಟ್ಯಾಂಡರ್ಡ್ ಡೀವಿಯೇಶನ್ (ಚದುರುವಿಕೆಯ ಅಳತೆ) ಶೇ 20 ಎಂದಿಟ್ಟುಕೊಳ್ಳಿ, ಒಳಗಿನ ಯಾರನ್ನೂ ಕೈಬಿಡದೆ 90 ಒಳಗೆ, 200 ಹೊರಗೆ. 1/90 ಮತ್ತು 1/200 ಕೂಡಿಸಿ ವರ್ಗಮೂಲ ತೆಗೆದು 0.20ರಿಂದ ಗುಣಿಸಿದರೆ 0.025. ಇದರ 2.8 ಪಟ್ಟು (ಇಂಥ ಲೆಕ್ಕದ ರೂಢಿಯ ಗುಣಕ), ಅಂದರೆ ಶೇ 7ಕ್ಕಿಂತ ಚಿಕ್ಕ ಪರಿಣಾಮವನ್ನು ಈ ಮಾದರಿ ವಿಶ್ವಾಸದಿಂದ ಹಿಡಿಯಲಾರದು. ಜವಳಿಗೆ ಕೊಟ್ಟ ಗುರಿಯೇ ಸರಾಸರಿ ಶೇ 5.5ರ ಸುತ್ತ. ಅಂದರೆ ಎಲ್ಲರೂ ಗುರಿ ಮುಟ್ಟಿದ್ದರೂ, ಅದಕ್ಕೆಲ್ಲ ಯೋಜನೆಯೇ ಕಾರಣವಾಗಿದ್ದರೂ, ನಿಮ್ಮ ಕೋಷ್ಟಕದಲ್ಲಿ ‘ಪರಿಣಾಮ ಇಲ್ಲ’ ಎಂದು ಬರುವ ಸಾಧ್ಯತೆ ದೊಡ್ಡದು. ಯೋಜನೆಗೆ ಮುಂಚಿನ ಮೂರು-ನಾಲ್ಕು ವರ್ಷಗಳ ಸರಾಸರಿ, ನಂತರದ ಮೂರು ವರ್ಷಗಳ ಸರಾಸರಿ ತೆಗೆದುಕೊಂಡು, ಐದಂಕಿಯ ಕೋಡ್‌ನೊಳಗೇ ಹೋಲಿಸಿ, ಆ ಶೇ 20ನ್ನು 10ಕ್ಕೆ ಇಳಿಸಿದರೆ ಶೇ 3.5ರವರೆಗಿನದನ್ನು ಹಿಡಿಯಬಹುದು. ಇಳಿಸಲಾಗದಿದ್ದರೆ ಪ್ರಶ್ನೆಯನ್ನೇ ಬದಲಿಸಿ. ಫಲಿತಾಂಶ ಬರೆಯುವಾಗ ವಿಶ್ವಾಸ ಮಿತಿಯನ್ನು ಬರೆಯಿರಿ. ‘ಶೇ 6ಕ್ಕಿಂತ ಹೆಚ್ಚಿನ ಇಳಿಕೆ ಇಲ್ಲ’ ಎಂದು ಹೇಳಬಲ್ಲಿರಾದರೆ ಅದೂ ಜ್ಞಾನವೇ. ‘ಪರಿಣಾಮ ಇಲ್ಲ’ ಎಂಬ ಬೋಳು ಮಾತು ಒಳ್ಳೆಯ ಯೋಜನೆಯೊಂದನ್ನು ಕೊಲ್ಲಲು ಬಳಕೆಯಾಗಬಹುದು.

ಮೂರು ಫಲಿತಾಂಶಗಳನ್ನು ಜೊತೆಜೊತೆಗೆ ಕೊಡಿ: ಟನ್ನಿಗೆ ಇಂಧನ, ಒಟ್ಟು ಇಂಧನ, ಒಟ್ಟು ಕಾರ್ಬನ್. ದಕ್ಷತೆ ಏರಿ ಖರ್ಚು ತಗ್ಗಿದ ಮಿಲ್ಲು ಹೆಚ್ಚು ನೂಲಿದರೆ ಮೊದಲನೆಯದು ಇಳಿದು ಎರಡನೆಯದು ಏರಬಹುದು, ವಾತಾವರಣಕ್ಕೆ ತಗಲುವುದು ಮೂರನೆಯದು. ಬಣ್ಣದ ಕೆಲಸವನ್ನು ಹೊರಗೆ ಜಾಬ್ ವರ್ಕ್‌ಗೆ ಕೊಟ್ಟ ಮಿಲ್ಲಿನ ಇಂಧನ ಗೇಟಿನೊಳಗೆ ಮಾತ್ರ ಕಡಿಮೆಯಾಗುತ್ತದೆ. ಎಎಸ್‌ಐನಲ್ಲಿ ಜಾಬ್ ವರ್ಕ್‌ಗೆ ಕೊಟ್ಟ ಹಣದ ಸಾಲಿದೆ, ನೋಡಿ. ಮುಚ್ಚಿದ ಮಿಲ್ಲುಗಳನ್ನು ಕಡತದಿಂದ ಸದ್ದಿಲ್ಲದೆ ಬಿಡಬೇಡಿ. ಸಾಯುವ ಮಿಲ್ಲು ಕೊನೆಯ ವರ್ಷಗಳಲ್ಲಿ ಅರೆಬರೆ ನಡೆದು ಟನ್ನಿಗೆ ಹೆಚ್ಚು ಇಂಧನ ನುಂಗುತ್ತದೆ, ಅದು ಮಾಯವಾದೊಡನೆ ಉಳಿದವರ ಸರಾಸರಿ ಚೆನ್ನಾಗಿ ಕಾಣುತ್ತದೆ. ದಾವಣಗೆರೆಯವರಾದ ನಿಮಗೆ ಮುಚ್ಚಿದ ಬಟ್ಟೆ ಮಿಲ್ಲು ಎಂದರೇನೆಂದು ವಿವರಿಸಬೇಕಿಲ್ಲ.

ಎರಡನೇ ಅಧ್ಯಾಯಕ್ಕೆ ವಿದ್ಯುತ್ ಸ್ಥಾವರ ಮಾಡಬಹುದೇ ಎಂದು ಕೇಳುತ್ತೀರಿ. ಹೊರಗಿನವರಿಲ್ಲದ ಕಡೆ ಒಳಗಿನವರಲ್ಲೇ ಗುರಿಯ ಏರುಪೇರು ಹುಡುಕಬೇಕು. ಸ್ಥಾವರದ ಹೀಟ್ ರೇಟ್, ಅಂದರೆ ಒಂದು ಯೂನಿಟ್‌ಗೆ ಸುಡುವ ಶಾಖ, ವಿನ್ಯಾಸದ ಅಂಕಿಗಿಂತ ಎಷ್ಟು ಹೆಚ್ಚು ಎಂಬುದರ ಮೇಲೆ ಗುರಿ ಮೆಟ್ಟಿಲಾಗಿ ಏರುತ್ತದೆ. ಅಂತರ ಶೇ 5ರವರೆಗೆ ಇದ್ದರೆ ಆ ಅಂತರದ ಶೇ 10ನ್ನು ತಗ್ಗಿಸಬೇಕು, 5ರಿಂದ 10ಕ್ಕೆ ಶೇ 17, 10ರಿಂದ 20ಕ್ಕೆ ಶೇ 21, ಅದರ ಮೇಲೆ ಶೇ 24. ಕಾಗದದ ಮೇಲೆ ಸೊಗಸಾದ ಮೆಟ್ಟಿಲು. ಲೆಕ್ಕ ಹಾಕಿ ನೋಡಿದರೆ ಶೇ 5ರ ಅಂಚಿನಲ್ಲಿ ಗುರಿ ಜಿಗಿಯುವುದು ಹೀಟ್ ರೇಟಿನ ಶೇ 0.5ರಿಂದ 0.85ಕ್ಕೆ. ಒಂದು ತಿಂಗಳು ಕಲ್ಲಿದ್ದಲಿನ ಬೂದಿ ಹೆಚ್ಚಾದರೆ ಆಗುವ ಏರಿಳಿತದಲ್ಲಿ ಇದು ಮುಳುಗಿಹೋಗುತ್ತದೆ. ಮೆಟ್ಟಿಲನ್ನು ಬಿಟ್ಟು, ಕಠಿಣ ಗುರಿಯವರನ್ನೂ ಸಡಿಲ ಗುರಿಯವರನ್ನೂ ಹೋಲಿಸಿದರೆ ಸರಾಸರಿಗೆ ಮರಳುವ ಹಳೆಯ ರೋಗ ಕಾಡುತ್ತದೆ. ಇದನ್ನು ಮುಖ್ಯ ಅಧ್ಯಾಯ ಮಾಡುವುದು ಜೂಜು.

ಎರಡನೆಯದಕ್ಕೆ ರಾಜ್ಯ ಮಟ್ಟದ ನೀತಿ ಹಿಡಿಯುವ ಮನಸ್ಸಿದ್ದರೆ ಮಾದರಿಯಾಗಿ ಸ್ವೀಡನ್ ನೋಡಿ. ಅಲ್ಲಿ 1991ರಲ್ಲಿ ಕಾರ್ಬನ್ ತೆರಿಗೆ ಬಂತು, ಅದರ ಹಿಂದಿನ ವರ್ಷವೇ ಇಂಧನದ ಮೇಲೆ ವ್ಯಾಟ್ ಬಂದಿತ್ತು. ಬೇರೆ ದೇಶಗಳನ್ನು ತೂಕ ಹಾಕಿ ಬೆರೆಸಿ ‘ತೆರಿಗೆಯಿಲ್ಲದ ಸ್ವೀಡನ್’ ಕಟ್ಟಿದ 2019ರ ಅಧ್ಯಯನ, ಸಾರಿಗೆಯ ಹೊರಸೂಸುವಿಕೆ ಅದಕ್ಕಿಂತ ಸರಾಸರಿ ವರ್ಷವೊಂದರಲ್ಲಿ ಶೇ 11 ಕಡಿಮೆಯಿತ್ತು, ಅದರಲ್ಲಿ ಕಾರ್ಬನ್ ತೆರಿಗೆಯೊಂದರ ಪಾಲು ಶೇ 6 ಎಂದು ಬಿಡಿಸಿತು. ಕರ್ನಾಟಕದ ಸೌರ ವಿದ್ಯುತ್ತಿಗೆ ಇದೇ ವಿಧಾನ ಹಾಕಲು ಹೋಗುವವರು ಒಂದು ದಿನಾಂಕ ಗಮನಿಸಬೇಕು. 2018ರ ಮಾರ್ಚ್ 31ರೊಳಗೆ ಶುರುವಾದ ಸೌರ ಘಟಕಗಳಿಗೆ ಹತ್ತು ವರ್ಷ ವೀಲಿಂಗ್ (ವಿದ್ಯುತ್ತನ್ನು ತಂತಿಯಲ್ಲಿ ಸಾಗಿಸುವ), ಬ್ಯಾಂಕಿಂಗ್ (ಗ್ರಿಡ್ಡಿನಲ್ಲಿ ಜಮೆ ಇಡುವ) ಶುಲ್ಕದ ವಿನಾಯಿತಿ ಇತ್ತು. ಗಡುವಿನ ಮುಂಚಿನ ನೂಕುನುಗ್ಗಲನ್ನು ನೀತಿಯ ಪರಿಣಾಮವೆಂದು ಎಣಿಸಿದರೆ, ಮುಂದಿನ ವರ್ಷಗಳಿಂದ ಎಳೆದು ತಂದದ್ದನ್ನೂ ಎಣಿಸಿದಂತೆ. ಗಡುವಿನ ಎರಡೂ ಬದಿಯ ಮೂರು ವರ್ಷಗಳನ್ನು ಕೂಡಿಸಿಯೇ ನೋಡಬೇಕು.

ಮೂರು ವರ್ಷ ಸಾಕೇ? ಯುಜಿಸಿ ನಿಯಮದಲ್ಲಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಕೋರ್ಸ್‌ವರ್ಕ್‌ಗೆ ಒಂದು ವರ್ಷದ ಹತ್ತಿರ ಹೋಗುತ್ತದೆ. ಎಎಸ್‌ಐ ಕಡತ ಶುದ್ಧಗೊಳಿಸಲು ಎಂಟು ತಿಂಗಳು ಇಟ್ಟುಕೊಳ್ಳಿ, ಎಲ್ಲರೂ ಎರಡು ತಿಂಗಳು ಎಂದುಕೊಂಡು ಮೋಸಹೋಗುವುದು ಇಲ್ಲೇ. ನಾಲ್ಕೂವರೆ ವರ್ಷ ಎಂದು ಮನೆಯವರಿಗೂ ಮಾರ್ಗದರ್ಶಕರಿಗೂ ಹೇಳಿಡಿ.

ಮೂರನೇ ಅಧ್ಯಾಯದ ಅವಕಾಶ ನಿಮ್ಮ ಕಾಲಕ್ಕೇ ಒದಗಿ ಬಂದಿದೆ. ಪ್ಯಾಟ್‌ನ ಜಾಗಕ್ಕೆ ಕಾರ್ಬನ್ ಕ್ರೆಡಿಟ್ ಟ್ರೇಡಿಂಗ್ ಸ್ಕೀಮ್ ಬರುತ್ತಿದೆ. 2023ರ ಜೂನ್‌ನಲ್ಲಿ ಅಧಿಸೂಚನೆಯಾಯಿತು, 2025ರಲ್ಲಿ ಸಿಮೆಂಟ್, ಅಲ್ಯೂಮಿನಿಯಂ, ಕ್ಲೋರ್-ಆಲ್ಕಲಿ, ಕಾಗದಕ್ಕೆ ಮೊದಲ ಹೊರಸೂಸುವಿಕೆ ಗುರಿಗಳು ಹೊರಬಿದ್ದವು, ಆಧಾರ ವರ್ಷ 2023-24. ಪ್ಯಾಟ್ ವಿಷಯದಲ್ಲಿ ಯಾರೂ ಮುಂಚಿತವಾಗಿ ಹೋಲಿಕೆ ಗುಂಪು ಗುರುತಿಸಿಡಲಿಲ್ಲ. ಅದಕ್ಕೇ ಇವತ್ತು ಹೆಸರಿಲ್ಲದ ಕಡತಗಳಲ್ಲಿ ತಡಕಾಡುತ್ತಿದ್ದೇವೆ. ಈ ಬಾರಿ ಫಲಿತಾಂಶ ಬರುವ ಮುಂಚೆಯೇ ಯಾರನ್ನು ಯಾರ ಜೊತೆ ಹೋಲಿಸುತ್ತೀರಿ, ಯಾವ ವರ್ಷ ಸೊನ್ನೆ, ಯಾವ ಫಲಿತಾಂಶ ಮುಖ್ಯ ಎಂಬುದನ್ನು ಎರಡು ಪುಟದಲ್ಲಿ ಬರೆದು, ದಿನಾಂಕ ಹಾಕಿ, ಸಾರ್ವಜನಿಕವಾಗಿ ನೋಂದಾಯಿಸಿ. ಅಧಿಸೂಚನೆಯ ಹೆಸರುಗಳ ಪಟ್ಟಿ, ಅವುಗಳ ಗುರಿ, ಆಧಾರ ವರ್ಷದ ಉತ್ಪಾದನೆ ಇವೆಲ್ಲ ಈಗ ಸಿಗುತ್ತವೆ. ಜಾಲತಾಣಗಳು ಬದಲಾಗುವ ಮುಂಚೆ ಈ ವಾರವೇ ಇಳಿಸಿಟ್ಟುಕೊಳ್ಳಿ.